ಆನೆಗೊಂದಿ ಎರಡು ದಿನದಲ್ಲಿ: ಹೊಳೆಯ ಲೆಕ್ಕ ಹಿಡಿದು ಸುತ್ತುವ ಸಮಗ್ರ ಮಾರ್ಗದರ್ಶಿ

ದೀಪಾವಳಿ ರಜೆ ಮುಗಿದ ವಾರ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. "ಹಂಪಿಯಲ್ಲಿ ರೂಮು ಮಾಡಿದ್ವಿ, ಆನೆಗೊಂದಿ ಆಚೆ ದಡದಲ್ಲೇ ಕಾಣ್ತಿತ್ತು, ದಾಟೋಕೇ ಆಗ್ಲಿಲ್ಲ." "ನವಬೃಂದಾವನಕ್ಕೆ ಅಂತ ಅಷ್ಟು ದೂರದಿಂದ ಬಂದ್ವಿ, ದೋಣಿ ಬಂದ್ ಅಂದ್ರು." "ಅಂಜನಾದ್ರಿ ಹನ್ನೆರಡು ಗಂಟೆಗೆ ಹತ್ತಿದ್ವಿ, ಅಮ್ಮನಿಗೆ ತಲೆಸುತ್ತು ಬಂತು."

ಇವರಲ್ಲಿ ಯಾರೂ ದಡ್ಡರಲ್ಲ. ಎಲ್ಲರೂ ಫೋನಿನ ಮ್ಯಾಪ್ ನೋಡಿಯೇ ಹೊರಟವರು. ಆದರೆ ಇಲ್ಲಿ ಎಲ್ಲಿಗೆ, ಯಾವಾಗ ಹೋಗಬೇಕು ಅನ್ನೋದನ್ನು ತುಂಗಭದ್ರೆ ತೀರ್ಮಾನ ಮಾಡುತ್ತಾಳೆ. ಮ್ಯಾಪಿನಲ್ಲಿ ಒಂದು ಬೆರಳಗಲ ಕಾಣುವ ಜಾಗ, ದೋಣಿ ನಿಂತ ದಿನ 20 ಕಿ.ಮೀ. ಸುತ್ತು. ಹಾಗಾಗಿ ಮೊದಲು ಹೊಳೆ, ಆಮೇಲೆ ರೂಮು, ಆಮೇಲೆ ಬೆಟ್ಟ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ. ಮಧ್ಯದಿಂದ ಓದಲು ಶುರು ಮಾಡಬೇಡಿ.

ಹಂತ 1: ಹೊರಡುವ ಮೂರು ದಿನ ಮೊದಲು ಹೊಳೆಯ ಸುದ್ದಿ ತಿಳಿದುಕೊಳ್ಳಿ

ಆನೆಗೊಂದಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಊರು. ಹೊಳೆಯ ಉತ್ತರ ದಡದಲ್ಲಿದೆ. ತುಂಗಭದ್ರಾ ಅಣೆಕಟ್ಟು ಇದಕ್ಕಿಂತ ಮೇಲೆ, ಹೊಸಪೇಟೆ ಪಕ್ಕದಲ್ಲಿದೆ. ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳು. ಗೇಟು ತೆಗೆದು ಹೊಳೆಗೆ ನೀರು ಬಿಟ್ಟರೆ ಕೆಲವೇ ತಾಸಿನಲ್ಲಿ ಇಲ್ಲಿಗೆ ಮುಟ್ಟುತ್ತದೆ. ಆಗ ಹರಿಗೋಲು, ದೋಣಿ ಎಲ್ಲ ಬಂದ್. ಹೊಳೆ ನಡುವೆ ಯತಿಗಳ ಬೃಂದಾವನಗಳಿರುವ ನವಬೃಂದಾವನದ ಗಡ್ಡೆಯೂ ಮುಳುಗುವುದುಂಟು. ಇಲ್ಲಿ ಮಳೆಯೇ ಬಿದ್ದಿರಬೇಕು ಅಂತೇನಿಲ್ಲ. ಮಲೆನಾಡಿನಲ್ಲಿ ಜೋರು ಮಳೆಯಾದರೆ ಸಾಕು, ಇಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ತುಂಬಿರುತ್ತದೆ. ಜುಲೈಯಿಂದ ಅಕ್ಟೋಬರ್ ತನಕ ಈ ಆಟ ನಡೆದೇ ಇರುತ್ತದೆ.

ಬಳ್ಳಾರಿ, ಕೊಪ್ಪಳ ಆವೃತ್ತಿಯ ಪತ್ರಿಕೆಗಳಲ್ಲಿ ಆ ತಿಂಗಳುಗಳಲ್ಲಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಎಲ್ಲ ಬರುತ್ತದೆ, ಹರಿವು ಕ್ಯುಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ) ಲೆಕ್ಕದಲ್ಲಿ. ಇಲ್ಲಿ ಸುಮಾರು ಜನ ತಪ್ಪುತ್ತಾರೆ. ಹೊರಹರಿವು ಅಂದರೆ ಕಾಲುವೆಗಳಿಗೆ ಬಿಟ್ಟ ನೀರೂ ಅದರಲ್ಲಿ ಸೇರಿರಬಹುದು. ನಿಮಗೆ ಬೇಕಾದ್ದು "ನದಿಗೆ" ಎಷ್ಟು ಅನ್ನುವ ಸಂಖ್ಯೆ ಮಾತ್ರ. ಅಂಕಿ ಅರ್ಥವಾಗದಿದ್ದರೆ ಇನ್ನೊಂದು ಸುಲಭದ ಅಳತೆಗೋಲು ಇದೆ. ಹಂಪಿಯ ಹೊಳೆ ದಂಡೆಯ ಪುರಂದರ ಮಂಟಪ ಮುಳುಗಿದ ಫೋಟೊ ಪತ್ರಿಕೆಯಲ್ಲಿ ಬಂದಿದ್ದರೆ ಆ ವಾರ ದೋಣಿಯ ಆಸೆ ಬಿಡಿ.

ಪತ್ರಿಕೆ ನೋಡಿದ ಮೇಲೂ, ಉಳಿಯುವ ಮನೆಯವರಿಗೆ ಹಿಂದಿನ ದಿನ ಒಂದು ಫೋನ್ ಮಾಡಿ. "ನೀರು ಎಷ್ಟಿದೆ" ಅಂತ ಕೇಳಬೇಡಿ, "ಇವತ್ತು ಬೆಳಿಗ್ಗೆ ಹರಿಗೋಲು ಹಾಕಿದ್ರಾ" ಅಂತ ಕೇಳಿ. ಮೊದಲನೆಯದಕ್ಕೆ ಎಲ್ಲರೂ "ಏನಿಲ್ಲ ಬರ್ರಿ" ಅನ್ನುತ್ತಾರೆ. ಎರಡನೆಯದಕ್ಕೆ ಹೌದು ಅಥವಾ ಇಲ್ಲ ಅನ್ನಲೇಬೇಕು.

ನವೆಂಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ ಒಳ್ಳೇ ಕಾಲ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೆಬ್ಬಂಡೆಗಳು ರಾತ್ರಿಯಿಡೀ ಕಾವು ಉಗುಳುತ್ತವೆ. ಡಿಸೆಂಬರ್‌ನಲ್ಲಿ ಹನುಮನ ಮಾಲೆ ಹಾಕಿದ ಭಕ್ತರು ಅಂಜನಾದ್ರಿಗೆ ಬಂದು ಅದನ್ನು ತೆಗೆಯುವ ಹನುಮಮಾಲೆ ವಿಸರ್ಜನೆಯ ದಿನ ಯಾವುದು ಅಂತಲೂ ನೋಡಿಕೊಳ್ಳಿ. ಮಾಲೆ ಹಾಕಿದವರಾದರೆ ಸರಿ. ಸುತ್ತಾಡಲು ಬಂದವರಾದರೆ ಆ ಎರಡು ಮೂರು ದಿನ ಬಿಟ್ಟು ಬನ್ನಿ, ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಹಂತ 2: ಯಾವ ದಡದಲ್ಲಿ ಉಳಿಯುತ್ತೀರಿ ಅಂತ ಮೊದಲೇ ತೀರ್ಮಾನಿಸಿ

ಆನೆಗೊಂದಿ ನೋಡಬೇಕಿದ್ದರೆ ಆನೆಗೊಂದಿ ದಡದಲ್ಲೇ ಉಳಿಯಿರಿ. ಕೇಳಲು ಸಿಲ್ಲಿ ಅನಿಸಬಹುದು. ಆದರೆ ಫೋನ್ ಮಾಡುವವರಲ್ಲಿ ಮುಕ್ಕಾಲು ಪಾಲು ಜನ ಎಡವಿದ್ದು ಇಲ್ಲೇ. ಹಂಪಿ, ಕಮಲಾಪುರ, ಹೊಸಪೇಟೆ ಎಲ್ಲ ದಕ್ಷಿಣ ದಡ, ವಿಜಯನಗರ ಜಿಲ್ಲೆ. ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರ, ಸಾಣಾಪುರ ಎಲ್ಲ ಈ ಕಡೆ. ಊರೊಳಗೆ ಹೋಂಸ್ಟೇಗಳಿವೆ, ಸಾಣಾಪುರದ ಕಡೆ ಇನ್ನಷ್ಟಿವೆ. ಹಳೇ ಪ್ರವಾಸಿ ಲೇಖನ ಓದಿ ವಿರೂಪಾಪುರ ಗಡ್ಡೆಯ ರೆಸಾರ್ಟ್ ಹುಡುಕಿಕೊಂಡು ಬರುವವರು ಈಗಲೂ ಇದ್ದಾರೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲೇ ಅವನ್ನು ಕೆಡವಿದ್ದಾರೆ.

ತಲುಪುವ ದಾರಿಗಳು ಹೀಗಿವೆ. ಗಂಗಾವತಿವರೆಗೆ ಬಸ್ಸು ಅಥವಾ ಹುಬ್ಬಳ್ಳಿ ಕಡೆಯ ರೈಲು, ಅಲ್ಲಿಂದ ಹತ್ತು ಹನ್ನೆರಡು ಕಿ.ಮೀ. ಬಸ್ಸು ಇಲ್ಲವೇ ಆಟೊ. ಹೊಸಪೇಟೆಯಲ್ಲಿ ರೈಲು ಇಳಿದರೆ ಹುಲಿಗಿ, ಸಾಣಾಪುರ, ಹನುಮನಹಳ್ಳಿ ಮೇಲೆ ಸುಮಾರು ಒಂದು ತಾಸಿನ ದಾರಿ. ಹಂಪಿ, ಕಮಲಾಪುರದಿಂದ ಗಾಡಿಯಲ್ಲಿ ಬರುವವರಿಗೆ ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವಿನ ಸೇತುವೆ. ಇದೊಂದು ನೆನಪಿರಲಿ, ದೋಣಿ ನಿಂತಾಗ ಕೈಹಿಡಿಯುವುದು ಈ ಸೇತುವೆಯೇ.

ನಾಲ್ಕನೆಯ ದಾರಿ ಹಂಪಿ ಕಡೆಯ ತಳವಾರಘಟ್ಟದಿಂದ ದೋಣಿಯಲ್ಲಿ ದಾಟುವುದು. ಖುಷಿಯ ದಾರಿ, ಆದರೆ ನಂಬಿ ಕೂರಬೇಡಿ. ಒಮ್ಮೆ ನನ್ನ ಷಡ್ಡಕರನ್ನು ಕರೆದುಕೊಂಡು ಸಂಜೆ ನಾಲ್ಕಕ್ಕೆ ಈ ದಡದಿಂದ ಆ ದಡಕ್ಕೆ ದಾಟಿದೆ. ವಿಜಯವಿಠ್ಠಲ ದೇವಸ್ಥಾನ ನೋಡಿ, ಕಬ್ಬಿನಹಾಲು ಕುಡಿದು, ಅವರು ಹತ್ತು ಫೋಟೊ ತೆಗೆಸಿಕೊಂಡು ತಿರುಗಿ ಬರುವಾಗ ಆರೂವರೆ. ಘಟ್ಟದಲ್ಲಿ ಒಬ್ಬ ಮುದುಕಪ್ಪ ಬಿಟ್ಟರೆ ಯಾರೂ ಇಲ್ಲ. ಹರಿಗೋಲು ದಡದ ಮೇಲೆ ಬೋರಲು ಬಿದ್ದಿದೆ. "ಯಣ್ಣ, ದಾಟಾಕ ಬರಂಗಿಲ್ಲೇನ್ರಿ?" ಅಂದೆ. "ಕತ್ತಲಾತಲ್ಲೋ ತಮ್ಮಾ, ಇನ್ನ ನಾಳಿಗೆ" ಅಂದ. ಎದುರಿಗೆ ನಮ್ಮ ಬೈಕು ಕಾಣುತ್ತಿತ್ತು! ಕೊನೆಗೆ ಆಟೊದವರು ಕೇಳಿದಷ್ಟು ಕೊಟ್ಟು ಕಡೆಬಾಗಿಲು ಸುತ್ತಿ ಬಂದೆವು. ಷಡ್ಡಕರು ಇವತ್ತಿಗೂ ಮದುವೆ ಮುಂಜಿಯಲ್ಲಿ ಸಿಕ್ಕಾಗ ಅದೇ ಎತ್ತುತ್ತಾರೆ. ದಾಟುವಾಗಲೇ ಅಂಬಿಗರನ್ನು "ಕೊನೇ ದೋಣಿ ಎಷ್ಟಕ್ಕೆ" ಅಂತ ಕೇಳಿ, ಅವರು ಹೇಳಿದ ಹೊತ್ತಿಗಿಂತ ಅರ್ಧ ತಾಸು ಮೊದಲೇ ಘಟ್ಟದಲ್ಲಿರಿ.

ಹಂತ 3: ಚೀಲದಲ್ಲಿ ಏನಿರಬೇಕು

ತಲೆಗೆ ಟೊಪ್ಪಿ ಅಥವಾ ಟವೆಲ್. ಒಬ್ಬರಿಗೆ ಎರಡು ಲೀಟರ್ ನೀರು. ಟಾರ್ಚು. ಚಿಲ್ಲರೆ ನೋಟು, ಯಾಕೆಂದರೆ ಹೊಳೆ ದಂಡೆಯಲ್ಲೂ ಗುಡ್ಡದ ಮರೆಯಲ್ಲೂ ಸಿಗ್ನಲ್ ಕೈಕೊಡುತ್ತದೆ, ಫೋನ್‌ಪೇ ನಂಬಿ ಹರಿಗೋಲು ಹತ್ತಬೇಡಿ. ಫೋನ್ ಹಾಕಲು ಜಿಪ್ ಇರುವ ಪ್ಲಾಸ್ಟಿಕ್ ಕವರ್. ಓಆರ್‌ಎಸ್ ಪುಡಿ ಎರಡು ಪೊಟ್ಟಣ.

ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಎಲ್ಲಕ್ಕಿಂತ ಒಳ್ಳೆಯದು. ಬೂಟು ಬಂಡೆ ಮೇಲೆ ಸರಿ, ಆದರೆ ದಿನಕ್ಕೆ ಆರು ಸಲ ಬಿಚ್ಚಿ ಕಟ್ಟಬೇಕು. ಹವಾಯಿ ಚಪ್ಪಲಿಯಂತೂ ಬೇಡವೇ ಬೇಡ, ಪಾಚಿ ಮೇಲೆ ಜಾರಿ ಬೀಳುವವರಲ್ಲಿ ಹೆಚ್ಚಿನವರ ಕಾಲಲ್ಲಿ ಇರುವುದು ಅದೇ. ನವಬೃಂದಾವನಕ್ಕೆ ಹೋಗುವ ಗಂಡಸರು ಪಂಚೆ, ಶಲ್ಯ ಇಟ್ಟುಕೊಳ್ಳಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಕಾರಣ ಮುಂದಿನ ಹಂತದಲ್ಲಿದೆ.

ಹಂತ 4: ಮೊದಲ ದಿನ ಬೆಳಕು ಹರಿಯುವ ಮೊದಲೇ ಅಂಜನಾದ್ರಿ

ಆನೆಗೊಂದಿಯಿಂದ ಪಶ್ಚಿಮಕ್ಕೆ ನಾಲ್ಕೈದು ಕಿ.ಮೀ. ಮೆಟ್ಟಿಲು 575. ಗಟ್ಟಿಮುಟ್ಟು ಇದ್ದವರಿಗೆ ಅರ್ಧ ತಾಸು, ವಯಸ್ಸಾದವರಿಗೆ ಒಂದು ತಾಸು. ಐದೂವರೆಗೆ ಬುಡದಲ್ಲಿ ಇರಿ. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದು ಆರೂವರೆ ಮೇಲೆಯೇ. ಆತುರ ಬೇಕಾಗಿಲ್ಲ. ಮೇಲೆ ನಿಂತು ಬೆಳಕು ಬಿಡುವುದನ್ನು ನೋಡಿದರೆ ಮುಂದಿನ ಎರಡು ದಿನದ ಮ್ಯಾಪ್ ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತದೆ. ಹೊಳೆ ಎಲ್ಲಿ ಸೀಳಿಕೊಳ್ಳುತ್ತದೆ, ಗಡ್ಡೆ ಎಲ್ಲಿದೆ, ಭತ್ತದ ಗದ್ದೆಗಳ ನಡುವೆ ರಸ್ತೆ ಹೇಗೆ ತಿರುಗುತ್ತದೆ ಎಲ್ಲ ಕಾಣುತ್ತದೆ. ನಾನು ಹೊಸಬರನ್ನು ಮೊದಲು ಇಲ್ಲಿಗೇ ಕರೆತರುವುದು ಅದಕ್ಕೇ.

ಕೋತಿಗಳ ವಿಷಯ. ಅವಕ್ಕೆ ಪ್ಲಾಸ್ಟಿಕ್ ಚೀಲದ ಸರಸರ ಸದ್ದು ಗೊತ್ತು, ಬಾಳೆಹಣ್ಣಿನ ವಾಸನೆ ಗೊತ್ತು. ಚೀಲಕ್ಕೆ ಕೈಹಾಕಿದರೆ ಜಗ್ಗಾಡಬೇಡಿ, ಬಿಟ್ಟುಬಿಡಿ. ಕಚ್ಚಿದರೆ ಗಂಗಾವತಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕನ್ನಡಕ ಹಾಕಿದವರು ದಾರ ಕಟ್ಟಿಕೊಳ್ಳಿ.

ಎಚ್ಚರಿಕೆಯ ಗುರುತು: ಹತ್ತುವಾಗ ಬೆವರು ನಿಂತು ಚಳಿ ಅನಿಸಿದರೆ, ಎದೆ ಬಿಗಿ ಹಿಡಿದರೆ, "ಇನ್ನು ಸ್ವಲ್ಪವೇ" ಅಂತ ಯಾರಾದರೂ ಹುರಿದುಂಬಿಸಿದರೂ ಕೇಳಬೇಡಿ. ನೆರಳು ಸಿಕ್ಕಲ್ಲಿ ಕೂತು 108ಕ್ಕೆ ಫೋನ್ ಮಾಡಿಸಿ.

ಇಳಿದು ಬಂದು ರಸ್ತೆ ಬದಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಿ. ಆನೆಗೊಂದಿಗೆ ತಿರುಗಿ ಬರುವ ದಾರಿಯಲ್ಲೇ ಪಂಪಾ ಸರೋವರ, ಆಮೇಲೆ ದುರ್ಗಾದೇವಿ ಗುಡಿ ಸಿಗುತ್ತವೆ. ಎರಡಕ್ಕೂ ಸೇರಿ ಒಂದು ತಾಸು ಸಾಕು.

ಹಂತ 5: ಹತ್ತು ಗಂಟೆಯೊಳಗೆ ನವಬೃಂದಾವನ, ಹರಿಗೋಲು ಹತ್ತುವ ಕ್ರಮ

ನವಬೃಂದಾವನ ಹೊಳೆ ನಡುವಿನ ಗಡ್ಡೆ. ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರಿಂದ ಹಿಡಿದು ವ್ಯಾಸರಾಜರು, ರಾಘವೇಂದ್ರಸ್ವಾಮಿಗಳ ಗುರುಗಳಾದ ಸುಧೀಂದ್ರತೀರ್ಥರವರೆಗೆ ಒಂಬತ್ತು ಯತಿಗಳ ಬೃಂದಾವನಗಳು ಇಲ್ಲಿವೆ. ಬೃಂದಾವನಗಳ ಸುತ್ತ ಗೆರೆ ಹಾಕಿದ್ದಾರೆ, ಪ್ರದಕ್ಷಿಣೆ ಅದರ ಹೊರಗೆ. ಮುಟ್ಟಬಾರದು. ಗಂಡಸರು ಅಂಗಿ ತೆಗೆಯಬೇಕು. ಆರಾಧನೆಯ ದಿನಗಳಲ್ಲಿ ಪೊಲೀಸ್ ಬಂದೋಬಸ್ತ್ ಇರುತ್ತದೆ, ಸುಮ್ನೆ ನೋಡಿಬರಲು ಹೋಗುವವರು ಬೇರೆ ದಿನ ಆರಿಸಿಕೊಳ್ಳಿ.

ಅಲ್ಲಿಗೆ ಹೋಗಲು ಯಂತ್ರದ ದೋಣಿಯೂ ಸಿಗಬಹುದು, ಹರಿಗೋಲೂ ಸಿಗಬಹುದು. ಹರಿಗೋಲು ಅಂದರೆ ಬಿದಿರು ಸೀಳಿನ ದೊಡ್ಡ ಬುಟ್ಟಿ. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೂಡ ಆನೆಗೊಂದಿಯಲ್ಲಿ ಜನ ಹೊಳೆ ದಾಟುತ್ತಿದ್ದ ದುಂಡು ಬುಟ್ಟಿಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ಚರ್ಮದ ಹೊದಿಕೆ ಇತ್ತು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಅಷ್ಟೇ ಬದಲಾಗಿದ್ದು.

ಹತ್ತುವ ಮೊದಲು ಒಂದು ನಿಮಿಷ ನಿಂತು ಒಳಗೆ ಬಗ್ಗಿ ನೋಡಿ. ತಳದಲ್ಲಿ ಅಂಗೈಯಷ್ಟು ನೀರು ನಿಂತಿದ್ದರೆ ಚಿಂತೆ ಇಲ್ಲ, ಹಿಂದಿನವರ ಕಾಲಿಂದ ಬಂದಿರುತ್ತದೆ. ಆದರೆ ನೋಡುತ್ತಿರುವಾಗಲೇ ಒಂದು ಕಡೆಯಿಂದ ಸಣ್ಣಗೆ ಜಿನುಗುತ್ತಿದ್ದರೆ ಬೇರೆ ಹರಿಗೋಲು ಕೇಳಿ. ಡಾಂಬರಿನ ತೇಪೆ ಹಳತಾಗಿ ಬಿರುಕು ಬಿಟ್ಟಿದ್ದರೂ ಅಷ್ಟೇ. ಲೈಫ್ ಜಾಕೆಟ್ ಹಾಕಿಕೊಳ್ಳಿ. ಸೊಂಟದ ಪಟ್ಟಿ ಬಿಗಿಯುವವರೆಗೂ ಅದು ಜಾಕೆಟ್ ಅಲ್ಲ, ಬರೀ ಬಟ್ಟೆ.

ಹತ್ತುವಾಗ ಅಂಚನ್ನು ತುಳಿಯಬೇಡಿ. ಅಂಬಿಗನ ಕೈ ಹಿಡಿದು ಕಾಲನ್ನು ನೇರ ತಳದ ನಡುವೆ ಇಡಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಆಮೇಲೆ ಹಿಂದೆ ಸರಿಯಿರಿ. ಒಬ್ಬರು ಆ ಕಡೆ ಕೂತರೆ ಅಷ್ಟೇ ತೂಕದವರು ಎದುರು ಕೂರಬೇಕು. ಅಂಬಿಗ ನೋಡಿದ ತಕ್ಷಣ ಲೆಕ್ಕ ಹಾಕಿ "ನೀವ್ ಈ ಕಡಿ ಬರ್ರಿ" ಅನ್ನುತ್ತಾನೆ. ದಪ್ಪ ಅಂದ ಅಂತ ಬೇಜಾರಾಗಬೇಡಿ. ನಡುನೀರಲ್ಲಿ ಫೋಟೊಗೆ ಅಂತ ಎದ್ದು ನಿಲ್ಲುವುದು, ಎಲ್ಲರೂ ಒಂದೇ ಕಡೆ ವಾಲಿ ಮೊಸಳೆ ಹುಡುಕುವುದು, ಗಿರಗಿರ ತಿರುಗಿಸು ಅಂತ ಗಂಟುಬೀಳುವುದು, ಈ ಮೂರೂ ಬೇಡ. ತಿರುಗಿಸುವ ಆಟ ನಿಂತ ನೀರಿಗೆ ಸರಿ, ಹರಿಯುವ ಹೊಳೆಗೆ ಅಲ್ಲ.

ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಖಾಲಿ ಬುಟ್ಟಿ ಗಾಳಿಗೆ ಎಲೆಯ ಥರ ತೇಲುತ್ತದೆ, ಹುಟ್ಟು ಹಾಕುವವನಿಗೆ ಡಬಲ್ ಕೆಲಸ. ಬೆಳಿಗ್ಗೆಯೇ ಮುಗಿಸಿ ಅನ್ನುವುದು ಅದಕ್ಕೆ. ಅಂಬಿಗ ಒಮ್ಮೆ "ಇವತ್ತ ಬ್ಯಾಡ್ರಿ" ಅಂದನೋ, ಜಾಸ್ತಿ ದುಡ್ಡು ತೋರಿಸಿ ಒಪ್ಪಿಸುವ ಕೆಲಸ ಮಾಡಬೇಡಿ. ಒಪ್ಪಿದ ಇನ್ನೊಬ್ಬ ಸಿಕ್ಕರಂತೂ ಇನ್ನೂ ಹೆದರಬೇಕು.

ಹಂತ 6: ಬಿಸಿಲು ಇಳಿದ ಮೇಲೆ ಊರೊಳಗೆ ನಡಿಗೆ

ಹನ್ನೆರಡರಿಂದ ಮೂರೂವರೆ ತನಕ ಊಟ, ನಿದ್ದೆ. ಜೋಳದ ರೊಟ್ಟಿ, ಪುಂಡಿಪಲ್ಯ ಬೇಕಿದ್ದರೆ ಬೆಳಿಗ್ಗೆಯೇ ಹೇಳಿಟ್ಟಿರಿ, ತಕ್ಷಣ ಕೇಳಿದರೆ ಅನ್ನ ಸಾರು ಸಿಗುತ್ತದೆ.

ನಾಲ್ಕಕ್ಕೆ ಊರ ನಡುವಿನ ಹಳೇ ಅರಮನೆ ಗಗನ ಮಹಲ್ ಹತ್ತಿರದಿಂದ ನಡೆಯಲು ಶುರುಮಾಡಿ. ರಂಗನಾಥಸ್ವಾಮಿ ಗುಡಿ ನೋಡಿ, ಬೀದಿಗಳಲ್ಲಿ ಹಾದು ಹುಚ್ಚಪ್ಪಯ್ಯನ ಮಠಕ್ಕೆ ಹೋಗಿ. ಮಠದ ಕಂಬಗಳ ನುಣುಪನ್ನೂ ಕೆತ್ತನೆಯನ್ನೂ ಓರೆ ಬಿಸಿಲಲ್ಲೇ ನೋಡಬೇಕು. ನಡು ಮಧ್ಯಾಹ್ನ ಬಂದವರಿಗೆ ಬರೀ ಕಪ್ಪು ಕಲ್ಲು ಕಾಣುತ್ತದೆ. ಅಲ್ಲಿಂದ ಹೊಳೆ ದಂಡೆಯ ಚಿಂತಾಮಣಿ ಗುಡಿ. ರಾಮ ವಾಲಿಗೆ ಬಾಣ ಬಿಟ್ಟದ್ದು ಇಲ್ಲಿಂದ ಅಂತ ಊರವರು ತೋರಿಸುತ್ತಾರೆ. ಹೊಳೆಯ ಕಡೆ 64 ಕಂಬಗಳ ಮಂಟಪ ಇದೆ, ಕೃಷ್ಣದೇವರಾಯನ ಸಮಾಧಿ ಅಂತ ಜನ ಹೇಳುತ್ತಾರೆ. ಹೊಳೆ ತುಂಬಿದಾಗ ಅದಕ್ಕೂ ನೀರು ಬರುತ್ತದೆ.

ಸಾಮಾನ್ಯ ತಪ್ಪು ಒಂದೇ: ಇಲ್ಲಿ ಜನ ವಾಸವಿದ್ದಾರೆ ಅನ್ನುವುದನ್ನು ಮರೆಯುವುದು. ಹಳೇ ಬಾಗಿಲು ಚೆನ್ನಾಗಿದೆ ಅಂತ ಯಾರದೋ ಪಡಸಾಲೆಗೆ ನುಗ್ಗಿ ಫೋಟೊ ಹೊಡೆಯುವವರನ್ನು ನೋಡಿದ್ದೇನೆ. "ಅಮ್ಮಾ, ಫೋಟೊ ತಗೋಬಹುದೇನ್ರಿ" ಅಂತ ಕೇಳಿದರೆ ಚಹಾ ಕೂಡ ಸಿಗುತ್ತದೆ. ಊರಿನ ಹೆಣ್ಣುಮಕ್ಕಳು ಬಾಳೆನಾರಿನಲ್ಲಿ ಚೀಲ, ಬುಟ್ಟಿ ಮಾಡುತ್ತಾರೆ, ಕೊಳ್ಳುವುದಿದ್ದರೆ ಅಂಗಡಿ ಮುಚ್ಚುವ ಮೊದಲೇ ಹೋಗಿ. ಇದು ವಿಶ್ವ ಪರಂಪರೆ ಪ್ರದೇಶದ ವ್ಯಾಪ್ತಿ, ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ.

ಹಂತ 7: ಎರಡನೇ ದಿನ ಸಾಣಾಪುರ, ನೀರಿಗೆ ಇಳಿಯುವ ಮುನ್ನ

ಈ ಹಂತವನ್ನು ಎರಡು ಸಲ ಓದಿ. ಸಾಣಾಪುರದಲ್ಲಿ ಮೂರು ಬೇರೆ ಬೇರೆ ನೀರುಗಳಿವೆ, ಬಂದವರು ಎಲ್ಲವನ್ನೂ "ಲೇಕ್" ಅಂತ ಒಂದೇ ಹೆಸರಲ್ಲಿ ಕರೆಯುತ್ತಾರೆ. ಒಂದು ಕೆರೆ. ಎರಡು, ಅಣೆಕಟ್ಟಿನಿಂದ ಬರುವ ಎಡದಂಡೆ ಕಾಲುವೆ. ಮೂರು, ಬಂಡೆಗಳ ನಡುವೆ ಹರಿಯುವ ಹೊಳೆ.

ಕೆರೆಯಲ್ಲಿ ಹರಿಗೋಲು ವಿಹಾರ ಮಾಡಿ, ಜಾಕೆಟ್ ಹಾಕಿ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ನೀರು ತಗ್ಗುತ್ತದೆ. ಕಾಲುವೆಗೆ ಮಾತ್ರ ಯಾವತ್ತೂ ಇಳಿಯಬೇಡಿ. ನೀರು ಸದ್ದಿಲ್ಲದೆ ಓಡುತ್ತದೆ, ಇಳಿಜಾರು ಗೋಡೆಗೆ ಪಾಚಿ ಹಿಡಿದಿರುತ್ತದೆ, ಈಜು ಬಂದರೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ.

ಹೊಳೆಯ ವಿಷಯ ಇನ್ನೂ ಕಠಿಣ. ಮೇಲೆ ಕನ್ನಡಿಯಂತೆ ಕಾಣುವ ಮಡುವಿನ ಕೆಳಗೆ ಬಂಡೆ ಕೊರೆದ ಗುಂಡಿ, ಸೀಳು, ಸುಳಿ ಇರುತ್ತವೆ. 2025ರ ಫೆಬ್ರುವರಿಯಲ್ಲಿ ಪ್ರವಾಸಕ್ಕೆ ಬಂದಿದ್ದ ಯುವ ವೈದ್ಯೆಯೊಬ್ಬರು ಇಲ್ಲೇ ಬಂಡೆ ಮೇಲಿಂದ ಹಾರಿ ಸೆಳೆತಕ್ಕೆ ಸಿಕ್ಕಿ ತೀರಿಕೊಂಡರು. ಅದು ಮಳೆಗಾಲವೂ ಅಲ್ಲ. "ಅಲ್ಲಿ ಹುಡುಗರು ಹಾರ್ತಿದ್ದಾರಲ್ಲ" ಅನ್ನುತ್ತೀರಿ. ಅವರು ಅದೇ ಬಂಡೆಯಿಂದ ಚಿಕ್ಕಂದಿನಿಂದ ಹಾರಿದವರು, ಯಾವ ತಿಂಗಳು ಎಲ್ಲಿ ಎಷ್ಟು ಆಳ ಅಂತ ಮೈಗೇ ಗೊತ್ತು. ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಜೊತೆಗೆ ಮೊಸಳೆಗಳೂ ಇವೆ. ಕಾಲು ತೊಳೆಯುವುದಾದರೆ ಊರವರು ಬಟ್ಟೆ ಒಗೆಯುವ ಕಡೆ, ಮೊಣಕಾಲಿನವರೆಗೆ ಮಾತ್ರ.

ನೀರು ಏರುತ್ತಿರುವ ಗುರುತುಗಳು: ತಿಳಿ ನೀರು ಕೆಂಪಗಾಗುವುದು, ನೊರೆ ಮತ್ತು ಕಸಕಡ್ಡಿ ತೇಲಿಬರುವುದು, ಸ್ವಲ್ಪ ಹೊತ್ತಿನ ಹಿಂದೆ ಒಣಗಿದ್ದ ಕಲ್ಲಿನ ಅಂಚು ಒದ್ದೆಯಾಗುವುದು, ಹೊಳೆಯ ಸದ್ದು ದಪ್ಪವಾಗುವುದು. ಒಂದು ಕಂಡರೂ ನಡುಗಡ್ಡೆಯ ಬಂಡೆಯಿಂದ ತಕ್ಷಣ ದಡಕ್ಕೆ ಬನ್ನಿ. ಚಪ್ಪಲಿ ಬಿಟ್ಟುಬಂದಿದ್ದರೆ ಬಿಡಿ.

ನೀರಿಗೆ ಇಳಿಯದೆಯೂ ಇಲ್ಲಿ ನೋಡಲು ಬೇಕಾದಷ್ಟಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಹೊಳೆಯ 34 ಕಿ.ಮೀ. 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬೆಳಿಗ್ಗೆ ಆರೂವರೆಗೆ ಸದ್ದು ಮಾಡದೆ ಬಂಡೆ ಮರೆಯಲ್ಲಿ ಕೂತಿರಿ. ಮೊದಲು ನೀರ ಮೇಲೆ ಒಂದು ಗೆರೆ, ಆಮೇಲೆ ನಾಲ್ಕೈದು ಚಪ್ಪಟೆ ತಲೆ, ಒಂದರ ಬಾಯಲ್ಲಿ ಒದ್ದಾಡುವ ಮೀನು. ನಾನು ಕಂಡಾಗ ಅದು ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಮಕ್ಕಳು ಜೋಳದ ತೆನೆ ತಿನ್ನುವ ಹಾಗೆ ತಲೆ ಕಡೆಯಿಂದ ಕರಕರ ತಿಂತು. ನಾಲ್ಕು ಸಲ ಹೋದರೆ ಒಂದು ಸಲ ಸಿಕ್ಕೀತು.

ಕತ್ತಲಾದ ಮೇಲೆ ಕಾಲುವೆ ದಂಡೆ, ಒಂಟಿ ಬಂಡೆ ಅಂತ ಕೂರಬೇಡಿ. 2025ರ ಮಾರ್ಚ್‌ನಲ್ಲಿ ರಾತ್ರಿ ಹೊತ್ತು ಇಲ್ಲೇ ಪ್ರವಾಸಿಗರ ಮೇಲೆ ದಾಳಿ ನಡೆದು ಒಬ್ಬರು ಜೀವ ಕಳೆದುಕೊಂಡರು. ಈ ಗುಡ್ಡಗಳಲ್ಲಿ ಚಿರತೆ, ಕರಡಿಯೂ ಓಡಾಡುತ್ತವೆ. ನಕ್ಷತ್ರ ನೋಡಬೇಕಿದ್ದರೆ ಉಳಿದ ಮನೆಯ ಮಾಳಿಗೆ ಇದೆ. ತೊಂದರೆಯಾದರೆ ಯಾವ ಜಿಲ್ಲೆಯ ಗಡಿ ಅಂತ ಯೋಚಿಸದೆ 112 ಒತ್ತಿ.

ಹಂತ 8: ಅರ್ಧ ದಿನ ಉಳಿದರೆ ಹಿರೇಬೆಣಕಲ್

ಗಂಗಾವತಿಯಿಂದ ಪಶ್ಚಿಮಕ್ಕೆ ಹತ್ತು ಕಿ.ಮೀ. ಆಸುಪಾಸು. ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ಕಲ್ಲಿನ ರಚನೆಗಳು, ಚಪ್ಪಡಿ ನಿಲ್ಲಿಸಿ ಕಟ್ಟಿದ ಪುಟ್ಟ ಕಲ್ಲುಮನೆಗಳು. ಊರವರಿಗೆ ಇದು ಮೋರೇರ ಬೆಟ್ಟ. ನೆರಳು, ಕುಡಿಯುವ ನೀರು, ಅಂಗಡಿ ನಂಬಿ ಹೋಗಬೇಡಿ. ಊರಿನಿಂದ ಒಬ್ಬ ಗೊತ್ತಿರುವವರನ್ನು ಜೊತೆಗೆ ಕರೆದುಕೊಳ್ಳದೆ ಹತ್ತಬೇಡಿ, ಬಂಡೆಗಳ ನಡುವಿನ ಕಾಲುದಾರಿಗಳೆಲ್ಲ ಒಂದೇ ಥರ ಕಾಣುತ್ತವೆ. ಆರಕ್ಕೆ ಹತ್ತಿ, ಹತ್ತಕ್ಕೆ ಕೆಳಗಿರಿ. ದೊಡ್ಡ ಬಂಡೆಯ ಮೇಲೆ ಕೂತಿರುವ ಕಲ್ಲಿನ ನಗಾರಿ ನೋಡದೆ ಬರಬೇಡಿ, ಕಲ್ಲುಮನೆಗಳ ಚಪ್ಪಡಿ ಮೇಲೆ ಮಾತ್ರ ಹತ್ತಬೇಡಿ.

ಹಂತ 9: ವಾಪಸ್ ಹೊರಡುವಾಗ

ಹೊಸಪೇಟೆಯಲ್ಲಿ ರೈಲು ಹಿಡಿಯುವವರು ಮೂರು ತಾಸು ಮೊದಲೇ ಹೊರಡಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಆದರೆ ಹುಲಿಗೆಮ್ಮನ ಗುಡಿಗೆ ಜನ ಹರಿದುಬರುತ್ತಾರೆ, ಹುಲಿಗಿ ದಾಟುವುದಕ್ಕೇ ಅರ್ಧ ತಾಸು ಹೋದೀತು. ಅಂಥ ದಿನ ಕಡೆಬಾಗಿಲು ಸೇತುವೆಯ ಮೇಲೆ ಕಮಲಾಪುರದ ಕಡೆಯಿಂದ ಹೋಗುವುದು ವಾಸಿ.

ಬೈಕಿನವರಿಗೆ ಇನ್ನೊಂದು ಮಾತು. ಕೊಯ್ಲಿನ ಕಾಲದಲ್ಲಿ ಗಂಗಾವತಿ ಕಡೆಯ ರಸ್ತೆಗಳ ಅರ್ಧ ಭಾಗದಲ್ಲಿ ಭತ್ತ ಒಣಹಾಕಿರುತ್ತಾರೆ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಸಂಜೆ ಮಬ್ಬಿನಲ್ಲಿ ಆ ಕಲ್ಲು ಕಾಣುವುದಿಲ್ಲ. ಭತ್ತದ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುತ್ತದೆ. ಐದು ಗಂಟೆಯೊಳಗೆ ಆ ರಸ್ತೆ ದಾಟಿಬಿಡಿ. ತಡವಾಯಿತೋ, ಲೈಟು ಹಾಕಿ ರಸ್ತೆಯ ನಡುವೆ ನಿಧಾನ ಬನ್ನಿ, ಎದುರು ಟ್ರ್ಯಾಕ್ಟರ್ ಬಂದರೆ ನಿಲ್ಲಿಸಿ ಅದಕ್ಕೆ ದಾರಿ ಕೊಡಿ.